ಶುಕ್ರವಾರದ ತರಗತಿಯ ಜಮಾಖರ್ಚು

ಹಾಲಿನಪುಡಿಯ ಡಬ್ಬದಲ್ಲಿ ಈ ವಾರ
ನಾಲ್ಕೂವರೆ ರಿಯಾಲು.
ಸೀಮೆಸುಣ್ಣಕ್ಕೆ ಇನ್ನೂರು ಬೈಸಾ.
ಮಸ್ಕತ್ತು, ಹಮ್ರಿಯಾ ಗಲ್ಲಿ, ತನ್ನ ಟೈಲರಂಗಡಿಗೆ
ಇದಿನಬ್ಬ ಬಾಡಿಗೆ ಬೇಡವೆಂದ,
ಕರೆಂಟಿನ ದುಡ್ಡು ಬಿಡಲಿಲ್ಲ;
ಎ.ಸಿ.ಗೇ ಅರ್ಧ ಹೋಯಿತು.

ಪರಸಪ್ಪ ಅರ್ಧ ರಿಯಾಲು ಹಾಕಿ
ರಸೀದಿ ತಾನೇ ಬರೆಯುತ್ತೇನೆಂದ,
ಹೆಂಡತಿಯ ಹೆಸರಿಗೆ.
ಹದಿನೆಂಟು ವರ್ಷ ಹೆಬ್ಬೆಟ್ಟು ಒತ್ತಿದವನಿಗೆ
ಒತ್ತಕ್ಷರ ಇನ್ನೂ ಒಗ್ಗದು:
‘ಯಲವ’.
ಸಿಮೆಂಟು ಕಚ್ಚಿದ ಬೆರಳು ಒರೆಸಿಕೊಂಡು
ಅದರ ಫೋಟೊ ಊರಿಗೆ ಕಳಿಸಿದ.

ರಾತ್ರಿ ಲಿಂಗಸುಗೂರಿನಿಂದ ಟಿಣ್ ಎಂದಿತು ಫೋನು.
ಮಗಳ ಪಾಟಿ, ಆಕೆಯದೇ ಕೈ:
ಯಲ್ಲವ್ವ.
ಕೆಳಗೆ ತೂಗುವ ಎರಡು ಒತ್ತು,
ಅಡವಿಟ್ಟಿದ್ದ ಓಲೆ ಬಿಡಿಸಿಕೊಂಡು
ತಾನೇ ತೊಟ್ಟ ಹಾಗೆ.

ನನ್ನ ಲೆಕ್ಕದಲ್ಲಿ ಮಾತ್ರ
ಏಳನೇ ರಸೀದಿ ಹಾಗೇ ಇದೆ:
ಜಮಾ, ಯಲವ, ಐನೂರು ಬೈಸಾ.
ತಿದ್ದಿಲ್ಲ.