ಅರವತ್ತಕ್ಕೆ ಒಂದು ಕಡಿಮೆ

ಥಣಿಸಂದ್ರದ ಮೂರು ಬೀದಿಗಳಲ್ಲಿ
ನನ್ನ ಹೆಸರು ಮೂಗಿನಾಂಟಿ.
ನೀಲಿ ಐಸ್ ಡಬ್ಬ ಕಂಡರೆ ಸಾಕು,
ಗೋಲಿ ಆಡುತ್ತಿದ್ದವೆಲ್ಲ ಮೂಗು ಮುಚ್ಚಿಕೊಂಡು
ನೀರಿನ ಟ್ಯಾಂಕರಿನ ಹಿಂದೆ ಮಾಯ.

ಅವರದೇನು ತಪ್ಪು? ಮೂಗಿನಿಂದ ಕಿವಿಯ ಅರ್ಧ ದಾರಿಗೆ
ಕಡ್ಡಿ ಇಳಿಯಬೇಕು,
ಹತ್ತೆಣಿಸುವ ತನಕ ತಿರುವಬೇಕು.
ಯಾವ ಮಗು ತಾನೇ ಕ್ಷಮಿಸುತ್ತದೆ?

ಆಗಸ್ಟಿಗೆ ಶುರು. ಮಳೆಯೂ ಅಲ್ಲದ, ಬಿಸಿಲೂ ಅಲ್ಲದ
ಈ ಊರಿನ ಜಿಟಿಜಿಟಿ; ಹಾಸಿಗೆ ಒಣಗುವುದಿಲ್ಲ.
ಒಂದು ಕೋಣೆ, ಒಂದು ಕಂಬಳಿ, ಐದು ಜನ.
ಒಬ್ಬರ ಸೀನು ಇನ್ನೊಬ್ಬರ ನಿದ್ದೆಯೊಳಗೆ ಹೋಗಿ ಮಲಗುತ್ತದೆ.

ನಸ್ರೀನ್ ಕೇಳುತ್ತಾಳೆ, ಜುನೈದನಿಗೆ ಏನಾಗಿದೆ?
ಮೆಡಿಕಲ್‌ನವನು ಹಳದಿ ಸಿರಪ್ ಕೊಟ್ಟ, ಮುನ್ನೂರ ಹತ್ತು ರೂಪಾಯಿ.
ವೈರಸ್ಸಿಗೆ ಅದು ತಾಕುವುದಿಲ್ಲಮ್ಮ.
ಎದೆಹಾಲು ಕೊಡು, ಬೆಚ್ಚಗಿಡು, ಮೂಗಿಗೆ ಉಪ್ಪುನೀರಿನ ಹನಿ,
ಪಕ್ಕೆ ಒಳಗೆ ಸೆಳೆಯುತ್ತದಾ ನೋಡುತ್ತಿರು.
ಮತ್ತೆ ಮದ್ದು?
ಇಷ್ಟೇ.
ಅವಳ ಕಣ್ಣು ನನ್ನ ಡಬ್ಬದ ಮೇಲೆ,
ಒಳಗೆಲ್ಲೋ ಬಚ್ಚಿಟ್ಟಿದ್ದೇನೆ ಎಂಬಂತೆ.

ಹದಿನೈದು ದಿನಕ್ಕೆ ವರದಿ ಬಂತು. ರೈನೋ.
ಎರಡನೇ ಕ್ಲಾಸಿನ ಅಣ್ಣ ಕಣ್ಣರಳಿಸಿದ:
ಚಾರ್ಟಿನಲ್ಲಿರೋ ಖಡ್ಗಮೃಗಾನಾ? ಇವನ ಮೂಗಲ್ಲಾ?
ಜುನೈದ ಅಷ್ಟರಲ್ಲಿ ಹೊಸಿಲು ದಾಟಿ
ಕೋಳಿಯ ಪುಕ್ಕ ಹಿಡಿಯಲು ಹೊರಟಿದ್ದ.
ನಮ್ಮ ಕಾಗದ ಯಾವಾಗಲೂ ಹೀಗೆ,
ಮದುವೆ ಮುಗಿದ ಮೇಲೆ ಕೈಸೇರುವ ಕರೆಯೋಲೆ.

ಆರ್‌ಎಸ್‌ವಿ, ಅಡಿನೋ, ಮೆಟಾನ್ಯೂಮೋ, ಪ್ಯಾರಾ ಒಂದು, ಪ್ಯಾರಾ ಮೂರು:
ಬಸ್ಸಿನಲ್ಲಿ ಕೂತು ಹೇಳಿಕೊಂಡರೆ
ಯಾವುದೋ ಶಾಲೆಯ ಹಾಜರಿ ಕೂಗಿದ ಹಾಗೆ.

ಹೊಸ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡು, ಹದಿನೇಳನೆಯದು.
ದುರುಗಮ್ಮ, ಲಿಂಗಸುಗೂರು ಕಡೆಯವಳು. ಮಡಿಲಲ್ಲಿ ಐದು ವಾರದ್ದು.
ಹೆಸರು?
ಇನ್ನಾ ಇಟ್ಟಿಲ್ರೀ. ಊರಿಗೆ ಹೋದಾಗ ಇಡೂದು.
ಫಾರಂ ಖಾಲಿ ಬಿಡುವಂತಿಲ್ಲ.
ದುರುಗಮ್ಮನ ಕೂಸು ಎಂದು ಬರೆದೆ.

ಅಂಗಿ ಎತ್ತಿ ಉಸಿರು ಎಣಿಸಿದೆ, ಪೂರ್ತಿ ಒಂದು ನಿಮಿಷ.
ಹೊರಗೆ ಕಾಂಕ್ರೀಟ್ ಮಿಕ್ಸರಿನ ಗುಡುಗು,
ಇಲ್ಲಿ ಕಪ್ಪೆಯ ಗಂಟಲಿನಂಥ ಎದೆ.
ಐವತ್ತೆಂಟು.
ಇನ್ನೊಮ್ಮೆ. ಐವತ್ತೊಂಬತ್ತು.
ಪುಸ್ತಕದಲ್ಲಿ ಅಪಾಯ ಅರವತ್ತರಿಂದ.

ಹಾಲು ಬಿಟ್ಟರೆ, ಅರವತ್ತು ಮುಟ್ಟಿದರೆ, ತಡಮಾಡದೆ ಆಸ್ಪತ್ರೆಗೆ,
ಎಂದು ಚೀಟಿ ಬರೆದೆ, ಕೆಳಗೆ ನನ್ನ ನಂಬರು.
ಮಡಚಿ ಕುಬಸದೊಳಗೆ ಇಟ್ಟುಕೊಂಡಳು.
ಅರವತ್ತರ ತನಕ ಎಣಿಸಲು ಬರುತ್ತದಾ, ಕೇಳಲಿಲ್ಲ ನಾನು.
ಶೆಡ್ಡಿನಲ್ಲಿ ಗಡಿಯಾರ ಇದೆಯಾ ಎಂದೂ.

ವರದಿ ಹಿಡಿದು ಹೋದ ದಿನ ಅಲ್ಲಿ ಶೆಡ್ಡೇ ಇರಲಿಲ್ಲ.
ಒಲೆಯ ಮೂರು ಇಟ್ಟಿಗೆ, ಮಸಿ ಹಾಗೇ ಇತ್ತು.
ಕೆಲಸ ಮುಗೀತಲ್ಲ, ಲಾರೀಲಿ ಹೋದ್ರು, ಅಂದ ವಾಚ್‌ಮನ್.
ಸರ್ಜಾಪುರವೋ, ಹೊಸಕೋಟೆಯೋ.
ಕೂಸು ಇತ್ತಾ?
ಕೂಸು ಬೇಕಾದಷ್ಟಿದ್ವು ಮೇಡಂ, ಯಾವುದೂಂತ ನೋಡ್ಲಿ?
ಫೋನು ಮಾಡಿದೆ. ಸ್ವಿಚ್ ಆಫ್.

ಗೇಟಿನ ಹತ್ತಿರ ನಿಂತು ಲಕೋಟೆ ಬಿಡಿಸಿದೆ.
ಹದಿನೆಂಟು ಹೆಸರು, ಹದಿನೆಂಟರ ಎದುರೂ
ಪತ್ತೆಯಾಗಿಲ್ಲ.
ಅಂದರೆ ಏನೂ ಇರಲಿಲ್ಲ ಎಂದಲ್ಲ.
ಇದ್ದದ್ದು ನಮ್ಮ ಪಟ್ಟಿಯಲ್ಲಿಲ್ಲ,
ಇಲ್ಲವೇ ನನ್ನ ಕಡ್ಡಿ, ಅದರ ಅಳುವಿಗೆ ಹೆದರಿ,
ಒಂದು ಕೂದಲಷ್ಟು ಈಚೆಗೇ ನಿಂತಿತ್ತು.

ಡಬ್ಬ ಈಗಲೂ ಹೊರುತ್ತೇನೆ.
ನಾಗವಾರದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ
ಮುಂದಿನ ಸೀಟಿನ ಹೆಗಲೊಂದರ ಮೇಲೆ ಯಾವುದೋ ಮಗು ನಿದ್ದೆ.
ಸ್ವೆಟರಿನ ಏರಿಳಿತಕ್ಕೆ ತುಟಿ ತಾನಾಗಿ ಅಲುಗುತ್ತದೆ,
ಮೂವತ್ತು, ಮೂವತ್ತೊಂದು, ಮೂವತ್ತೆರಡು.
ತಾಯಿ ತಿರುಗಿ ನನ್ನನ್ನೇ ನೋಡಿ,
ದೃಷ್ಟಿ ಆದೀತೆಂದು,
ಮಗುವಿನ ಮೇಲೆ ಸೆರಗು ಎಳೆಯುತ್ತಾಳೆ.