ಒದ್ದೆ ನಾಣ್ಯ

ರಾತ್ರಿಯೇ ನೆನೆಹಾಕಿದ ಅಲಸಂದೆ
ಹಂದಿಮೂಳೆಯ ಜೊತೆ ಕೊತಕೊತ ಕುದಿಯುತ್ತಿದೆ
ಮೇಕನ್ ಪಟ್ಟಣದಲ್ಲಿ, ವರ್ಷದ ಮೊದಲ ಬೆಳಿಗ್ಗೆ.
ಕಾಳೆಂದರೆ ಚಿಲ್ಲರೆ, ಸೊಪ್ಪೆಂದರೆ ನೋಟು,
ಮೆಕ್ಕೆಜೋಳದ ರೊಟ್ಟಿ ಅಪ್ಪಟ ಬಂಗಾರ
ಅನ್ನುತ್ತಾಳೆ ವರ್ಡೆಲ್ ಅತ್ತೆ,
ಎಪ್ಪತ್ತೊಂದು ವರ್ಷ ಇದನ್ನೇ ಉಂಡು
ಇನ್ನೂ ಬಾಡಿಗೆ ಮನೆಯಲ್ಲಿರುವವಳು.

ಪಾತ್ರೆಯೊಳಗೊಂದು ತೊಳೆದ ಡೈಮ್.
ಯಾರ ತಟ್ಟೆಗೆ ಬಿತ್ತೋ ವರ್ಷ ಅವರದು.
ಹೋದ ಸಲ ಥಿಯೋಟಿಸ್‌ನ ಹಲ್ಲಿಗೆ ಸಿಕ್ಕಿತ್ತು;
ಮಾರ್ಚಿಗೆ ಗಿರಣಿ ಮುಚ್ಚಿತು.
"ಹತ್ತೂ ಬೆರಳು ಹೊತ್ತು ಮನೆಗೆ ಬಂದನಲ್ಲ,
ಅದೇನು ಕಡಿಮೆಯೇ?" ಸೌಟು ಎತ್ತಿ ಕೇಳುತ್ತಾಳೆ.

ಈ ಸಲ ಎಲ್ಲರೂ ಮೆಲ್ಲಗೆ ಅಗಿದೆವು,
ಕಲ್ಲಿಗೆ ಹೆದರುವವರ ಹಾಗೆ.
ತಟ್ಟೆ ಬರಿದು. ಪಾತ್ರೆಯ ತಳ ಕೆರೆದದ್ದಾಯಿತು.
ನಾಣ್ಯವಿಲ್ಲ.
ನುಂಗಿತೇನೋ ಎಂದು
ಮಗುವನ್ನು ತಲೆಕೆಳಗು ಮಾಡಿದ್ದೂ ಆಯಿತು.

ಸಂಜೆ ಬಾಗಿಲು ತಟ್ಟಿದ
ಎದುರುಮನೆಗೆ ಹೊಸದಾಗಿ ಬಂದವನು;
ಮಧ್ಯಾಹ್ನ ಅವನಿಗೂ ಒಂದು ಬಟ್ಟಲು ಹೋಗಿತ್ತು.
ಫಳಫಳ ತೊಳೆದು ತಂದಿದ್ದ,
ನಡುವೆ ಡೈಮ್.
ನಮ್ಮ ಮಾತು ಅವನಿಗೆ ಬಾರದು. ಕೈಸನ್ನೆ:
ನಿಮ್ಮದು, ಬಿದ್ದುಬಿಟ್ಟಿತ್ತು.
ತಲೆಬಾಗಿ ಹೊರಟೇಹೋದ.

ಅತ್ತೆ ನಾಣ್ಯ ನೋಡಿದಳು, ನಮ್ಮನ್ನು ನೋಡಿದಳು.
ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ತನ್ನದು,
ಮುಷ್ಟಿ ಬಿಗಿದು ರಸ್ತೆ ದಾಟುತ್ತಿದ್ದಾಳೆ:
"ಏಯ್, ನಿಲ್ಲಪ್ಪಾ!"