ಉಡಮಸ್ಥಂಡೆ ಪೇರ್

ಕುಂಬಳೆಯ ಮೀನು ಮಾರ್ಕೆಟಿನ ಹಿಂದೆ
ಐಸು ಕರಗಿ ಹರಿಯುವ ತೋಡಿನ ಬದಿ
ಆರು ಗಂಟೆಗೇ ಕೂತೆ, ಚಮಚ, ಮುಚ್ಚಳದ ಡಬ್ಬಿ.
ಬೆಕ್ಕು ಮರಳು ಕೆದಕಿ, ಕೂತು, ಮುಚ್ಚಿ ಹೋಗುವವರೆಗೆ
ಬೇರೆಲ್ಲೋ ನೋಡುತ್ತ ಇರಬೇಕು; ಅದಕ್ಕೂ ನಾಚಿಕೆ.
‘ಇಷ್ಟು ಓದಿದ್ದು ಇದಕ್ಕಾ ಮಗಳೇ’
ಬೂತಾಯಿ ಬುಟ್ಟಿಯಿಂದ ನಕ್ಕರು ಪೂವಕ್ಕ.

ಇನ್ನು ಕರಗದು ಅನ್ನುವಷ್ಟು ಉಪ್ಪು ಕರಗಿಸಿದ ನೀರಿಗೆ
ಕದಡಿ ಇಪ್ಪತ್ತು ನಿಮಿಷ ಬಿಟ್ಟರೆ
ಕೆಸರು ತಳಕ್ಕೆ, ಮೊಟ್ಟೆ ಮೇಲಕ್ಕೆ.
ಕಂಡವು ಗಾಜಿನಡಿ: ಗುಂಡಗೆ,
ಸಿಡುಬು ಬಂದು ಹೋದ ಮುಖದಂತೆ ಮೈತುಂಬ ತಗ್ಗು,
ಯಾವ ಅವಸರವೂ ಇಲ್ಲ.
ಹದಿನೇಳು ಬೆಕ್ಕು. ಹದಿಮೂರರಲ್ಲಿ.

ಮರುದಿನ ಮದ್ದಿನ ಜೊತೆ ಫಾರಂ, ಮಲಯಾಳದ್ದು.
ಪೂಚ್ಚ, ಸರಿ, ಪುಚ್ಚೆ, ಬೆಕ್ಕು.
ಕೆಳಗೆ: ಉಡಮಸ್ಥಂಡೆ ಪೇರ್.
ಮಾಲೀಕರು ಯಾರು
ಈ ಹರಿದ ಕಿವಿಗೆ, ಬಸಿರಲ್ಲೂ
ಬೆನ್ನುಮೂಳೆ ಎಣಿಸಲು ಕೊಡುವ ಈ ಬೂದಿಗೆ?
ಒಳಗಿರುವವರನ್ನೇ ಬರೆಯಬಹುದಿತ್ತು,
ಗೇಣಿ ಕೊಡದೆ ಉಂಡುಟ್ಟ ಒಕ್ಕಲು.

‘ನನ್ನದು ಹಾಕು.’
‘ಹದಿನೇಳಕ್ಕೂ?’
‘ಲೆಕ್ಕ ಯಾಕೆ. ಮದ್ದು ಪುಕ್ಕಟೆಯಲ್ಲವಾ?’

ಮೀನುತಲೆಯೊಳಗೆ ಮಾತ್ರೆ ಅಡಗಿಸಿ ಎಸೆದರು.
ಬೂದಿ ತಲೆ ತಿಂದಿತು, ಮಾತ್ರೆ ಉಗಿಯಿತು.
ಇನ್ನೊಂದನ್ನೂ.

ಆಚೆ ಅದೇ ಮರಳಲ್ಲಿ
ಪೂವಕ್ಕನ ಮೊಮ್ಮಗ ಬಾವಿ ತೋಡುತ್ತಿದ್ದ
ಮೊಣಕೈ ಮುಳುಗುವಷ್ಟು.
‘ಏಯ್, ಬಾ, ಕೈ ತೊಳಿ.’
ತಲೆಯೆತ್ತಲಿಲ್ಲ.
‘ನೀರು ಸಿಗಲಿ, ತೊಳೀತೇನೆ.’